ಸಂಧಿವಾತದ ಸುಸ್ತಿಗೊಂದು ಆನ್‌ಲೈನ್ ಕೋರ್ಸ್: ಡೈರಿಗೆ ಪೂರ್ತಿ ಅಂಕ, ಆ್ಯಪ್‌ಗೆ ಸೊನ್ನೆ

ನೇರವಾಗಿ ಹೇಳಿಬಿಡುತ್ತೇನೆ. ಕೋರ್ಸ್ ಚೆನ್ನಾಗಿದೆ, ಅದರ ಜೊತೆ ಕೊಡುವ ಆ್ಯಪ್ ದಂಡ. ಸುಸ್ತಾಗಿ ಮುಂದೆ ಓದೋಕೆ ಆಗದವರು ಇಷ್ಟಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇದರಲ್ಲಿ ಬೈಗುಳವೂ ಇದೆ. ಅದೂ ಅಲ್ಲದೆ ಇದೇ ಅಚ್ಚಿನ ಕೋರ್ಸ್‌ಗಳು ಈಗ ಬೇಕಾದಷ್ಟಿವೆ. ಯಾವುದಕ್ಕೇ ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು ಅಂತ ಗೊತ್ತಾದರೆ ಸಾಕಲ್ವಾ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಸಂಧಿವಾತ. ಔಷಧಿಯಿಂದ ಗಂಟುಗಳ ಊತ ಇಳಿದಿದೆ. ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಮಿತಿಯೊಳಗೇ ಇವೆ, ರಿಪೋರ್ಟ್ ನೋಡಿ ಡಾಕ್ಟರಿಗೆ ಖುಷಿ. ಸುಸ್ತು ಮಾತ್ರ ಕದಲಲಿಲ್ಲ. ಇದು ದುಡಿದು ಬರುವ ದಣಿವಲ್ಲ, ಅದಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಏಳುವಾಗಲೇ ಇರುತ್ತದೆ. ಸ್ನಾನ ಮುಗಿಸಿ ಬಂದು, ಟವೆಲ್ ತೊಡೆ ಮೇಲಿಟ್ಟುಕೊಂಡು, ತಲೆ ಒರೆಸೋಕೆ ಕೈ ಎತ್ತಬೇಕಲ್ಲ ಅಂತ ಮಂಚದ ಅಂಚಿನಲ್ಲಿ ಕೂತಿರುತ್ತೇನೆ. ಕೂದಲಿನ ನೀರು ಬೆನ್ನಿಗೆ ಇಳಿಯುತ್ತಿರುತ್ತದೆ. ಕೈಗೆ ನೋವಿಲ್ಲ, ಊತವಿಲ್ಲ. ಸುಮ್ನೆ ಏಳುವುದಿಲ್ಲ, ಅಷ್ಟೇ. ಇನ್ನು ತಲೆಯದ್ದೇ ಬೇರೆ ಕಥೆ. ಓದಿದ ಸಾಲನ್ನೇ ಮೂರು ಸಲ ಓದುವುದು, ದಿನಾ ಮಾತಾಡಿಸುವವರ ಹೆಸರು ಬಾಯಿಗೆ ಬಾರದಿರುವುದು, ಮಾತಿನ ಮಧ್ಯೆ ಏನು ಹೇಳುತ್ತಿದ್ದೆ ಅಂತಲೇ ಮರೆತುಹೋಗುವುದು. ಈ ಕಾಯಿಲೆ ಇರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಡಾಕ್ಟರ ಹತ್ತಿರ ಹೇಳಿದರೆ ‘ವಿಶ್ರಾಂತಿ ತಗೊಳ್ಳಿ’ ಅಂತಾರೆ. ಇನ್ನೊಬ್ಬರು ‘ಚಟುವಟಿಕೆಯಿಂದಿರಿ’ ಅಂತಾರೆ. ಎರಡನ್ನೂ ಒಂದೇ ದಿನ ಹೇಗೆ ಮಾಡುವುದು ಅಂತ ಯಾರೂ ಹೇಳುವುದಿಲ್ಲ. ಹೇಳಬೇಕಾದದ್ದು ಅದೊಂದೇ, ಈ ಕೋರ್ಸ್ ಹೇಳಿದ್ದೂ ಅದನ್ನೇ. ಅದಕ್ಕೇ ನನಗೆ ಹಿಡಿಸಿತು.

ಕೋರ್ಸಿನ ರೂಪ ಹೀಗಿದೆ. ವಾರಕ್ಕೊಂದು ತರಗತಿ, ವಿಡಿಯೊ ಕರೆಯಲ್ಲಿ, ಎರಡೆರಡು ಗಂಟೆ, ಒಟ್ಟು ಆರು ವಾರ. ಆಮೇಲೆ ಎರಡು ತಿಂಗಳು ಬಿಟ್ಟು ಇನ್ನೊಂದು. ಗುಂಪಿನಲ್ಲಿ ಎಂಟು ಜನ. ಕೆಲವರಿಗೆ ನನ್ನದೇ ಕಾಯಿಲೆ, ಇಬ್ಬರಿಗೆ ಮೈಯ ಹಲವು ಅಂಗಗಳಿಗೆ ತಗಲುವ ಲೂಪಸ್, ಒಬ್ಬರಿಗೆ ಬೆನ್ನುಮೂಳೆಯ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಒಬ್ಬರಿಗೆ ಕಣ್ಣು ಬಾಯಿ ಒಣಗುವ ಷೋಗ್ರೆನ್ಸ್. ನಡೆಸುವವರು ಇಬ್ಬರು, ಒಬ್ಬರು ದಿನನಿತ್ಯದ ಕೆಲಸಗಳನ್ನು ಸುಲಭವಾಗಿ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಇನ್ನೊಬ್ಬರು ಫಿಸಿಯೋ. ಶುಲ್ಕ ಕಡಿಮೆಯೇನಲ್ಲ. ಪೂರ್ತಿ ಮೊದಲೇ ಕಟ್ಟಬೇಕು, ಕಂತಿಲ್ಲ. ಒಂದು ವಾರ ತಪ್ಪಿದರೆ ರೆಕಾರ್ಡಿಂಗ್ ಸಿಗುವುದಿಲ್ಲ. ಗುಂಪಿನವರ ಮಾತು ಹೊರಗೆ ಹೋಗಬಾರದು ಅನ್ನುವುದು ಅವರ ಕಾರಣ. ಅದು ನ್ಯಾಯವೇ. ಆದರೆ ಯಾವ ದಿನ ಎದ್ದೇಳಲು ಆಗುತ್ತದೆ ಅಂತಲೇ ಗೊತ್ತಿಲ್ಲದವರಿಗೆ ನಡೆಸುವ ಕೋರ್ಸಿನಲ್ಲಿ, ತಪ್ಪಿದ ತರಗತಿಗೆ ಒಂದು ಪುಟದ ಟಿಪ್ಪಣಿಯಾದರೂ ಕಳಿಸಬಹುದಿತ್ತು.

ಎರಡು ಗಂಟೆ ಜಾಸ್ತಿ ಆಯ್ತು ಅಂತ ಎಲ್ಲರೂ ಹೇಳಿದೆವು. ಮಧ್ಯೆ ಕಾಲು ಗಂಟೆ ಬಿಡುವು ಇರುತ್ತದೆ, ಕ್ಯಾಮೆರಾ ಆಫ್ ಮಾಡಿ ಮಲಗಬಹುದು. ಸುಸ್ತಿನ ಪಾಠ ಕೇಳಿ ಸುಸ್ತಾಗುವುದು ಅಂದರೆ ಇದೇ ಅಂತ ಲೂಪಸ್ ಇರುವ ಒಬ್ಬರು ತಮಾಷೆ ಮಾಡುತ್ತಿದ್ದರು.

ಮೊದಲ ವಾರ ಪೂರ್ತಿ ‘ಯಾಕೆ’ ಅನ್ನುವುದಕ್ಕೇ ಹೋಯಿತು. ಇದನ್ನು ಬೇಗ ಮುಗಿಸಿ ಉಪಾಯಕ್ಕೆ ಬನ್ನಿ ಅನ್ನಿಸಿತ್ತು, ಆದರೆ ಈ ಭಾಗ ಬೇಕೇ ಬೇಕು. ಜ್ವರ ಬಂದಾಗ ಮೈ ಕೈ ಬಿದ್ದುಹೋಗಿ ಮೂಲೆ ಹಿಡಿದು ಮಲಗುತ್ತೇವಲ್ಲ, ಅದು ವೈರಸ್ಸಿನ ಕೆಲಸ ಮಾತ್ರ ಅಲ್ಲ. ನಮ್ಮ ದೇಹವೇ ಬಿಡುವ ಸೈಟೊಕೈನ್‌ಗಳು ಮೆದುಳಿಗೆ ‘ಮಲಗು’ ಅಂತ ಸಂದೇಶ ಕಳಿಸುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಅಂತೆಲ್ಲ ಅವುಗಳ ಹೆಸರು. ಗಂಟು ಊದಿಸುವುದರಲ್ಲೂ ಇವುಗಳದ್ದೇ ಕೈವಾಡ. ಅಂದರೆ ಉರಿಯೂತದ ಸಂಧಿವಾತ ಜೋರಾದಾಗ ಸುಸ್ತೂ ಬರುವುದು ಸಹಜ. ಹಾಗಾದರೆ ಉರಿಯೂತ ಇಳಿದ ಮೇಲೂ ಯಾಕೆ ಉಳಿಯುತ್ತದೆ? ಯಾಕೆಂದರೆ ಅಷ್ಟು ಹೊತ್ತಿಗೆ ಬೇರೆ ಕಾರಣಗಳು ಬಂದು ಸೇರಿಕೊಂಡಿರುತ್ತವೆ. ನೋವಿನಿಂದ ನಿದ್ದೆ ಕೆಟ್ಟಿರುತ್ತದೆ. ಓಡಾಟ ಕಮ್ಮಿಯಾಗಿ ಸ್ನಾಯು ಸೊರಗಿರುತ್ತವೆ, ಸೊರಗಿದ ಸ್ನಾಯುವಿಗೆ ಅದೇ ಮೆಟ್ಟಿಲು ಹತ್ತಲು ಜಾಸ್ತಿ ಶ್ರಮ ಬೇಕು. ಮನಸ್ಸು ಕುಗ್ಗಿರುತ್ತದೆ. ರಕ್ತ ಕಮ್ಮಿ ಇರಬಹುದು. ಮನೆ ಕೆಲಸ, ಆಫೀಸು, ಮಕ್ಕಳು ಯಾವುದೂ ನಿಮಗೆ ಕಾಯಿಲೆ ಬಂತು ಅಂತ ಕಮ್ಮಿಯಾಗಿರುವುದಿಲ್ಲ. ಪ್ರತಿಯೊಬ್ಬರಲ್ಲೂ ಈ ಮಿಶ್ರಣ ಬೇರೆ. ಅದಕ್ಕೇ ಒಂದೇ ಮಾತ್ರೆಗೆ ಹೋಗುವುದಿಲ್ಲ. ಬಯೋಲಾಜಿಕ್ ಅನ್ನುವ ದುಬಾರಿ ಚುಚ್ಚುಮದ್ದುಗಳು ಸುಸ್ತಿಗೆ ಎಷ್ಟು ಕೆಲಸ ಮಾಡುತ್ತವೆ ಅಂತ 2016ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 32 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಸಿಕ್ಕ ಉತ್ತರ: ಉಪಯೋಗ ಇದೆ, ಆದರೆ ಅಲ್ಪದಿಂದ ಸಾಧಾರಣ ಮಟ್ಟದ್ದು. ಇದನ್ನು ಕೇಳಿ ಗುಂಪಿನಲ್ಲಿ ಕೆಲವರ ಮುಖ ಸಪ್ಪಗಾಯಿತು. ನನಗೆ ಮಾತ್ರ ಒಂಥರಾ ಸಮಾಧಾನ. ಇಷ್ಟು ದಿನ ಔಷಧಿ ಕೆಲಸ ಮಾಡಿದರೂ ನನಗೇ ಏನೋ ಕೊರತೆ ಅಂತ ಇತ್ತಲ್ಲ, ಅದು ಹೋಯಿತು.

ಸುಸ್ತನ್ನು ವೈದ್ಯಲೋಕ ಗಂಭೀರವಾಗಿ ತಗೊಂಡದ್ದೇ ಈಚೆಗೆ. ಸಂಧಿವಾತದ ಸಂಶೋಧನೆಯಲ್ಲಿ ಏನೇನು ಅಳೆಯಬೇಕು ಅಂತ ತೀರ್ಮಾನಿಸುವ ಓಮೆರಾಕ್ಟ್ ಅನ್ನುವ ಅಂತರರಾಷ್ಟ್ರೀಯ ಗುಂಪೊಂದಿದೆ. 2002ರಲ್ಲಿ ಅವರು ರೋಗಿಗಳನ್ನೂ ಸಭೆಗೆ ಕರೆದರು. ಬಂದವರು ‘ನೋವು ಊತ ಎಲ್ಲ ಕೇಳ್ತೀರಿ, ಸುಸ್ತನ್ನು ಯಾಕೆ ಕೇಳಲ್ಲ’ ಅನ್ನುವ ಅರ್ಥದಲ್ಲಿ ವಿಷಯ ಎತ್ತಿದರು. ಅಲ್ಲಿಂದ 2007ರ ಹೊತ್ತಿಗೆ, ರುಮಟಾಯ್ಡ್ ಅಧ್ಯಯನಗಳಲ್ಲಿ ಸಾಧ್ಯವಾದಲ್ಲೆಲ್ಲ ಸುಸ್ತನ್ನೂ ಅಳೆಯಬೇಕು ಅನ್ನುವ ಶಿಫಾರಸು ಬಂತು. ಉರಿಯೂತದ ಸಂಧಿವಾತ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ತೀವ್ರ ಸುಸ್ತು ಇರುತ್ತದೆ. ಅಷ್ಟು ಜನಕ್ಕೆ ಇರುವುದನ್ನು ಲೆಕ್ಕಕ್ಕೆ ತಗೊಳ್ಳಲು ರೋಗಿಗಳೇ ಬಾಯಿ ಬಿಟ್ಟು ಹೇಳಬೇಕಾಯಿತು ನೋಡಿ.

ಅಳತೆ ಅಂದೆನಲ್ಲ, ಕೋರ್ಸ್ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದು ಪ್ರಶ್ನಾವಳಿ ತುಂಬಿಸುತ್ತಾರೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ತಯಾರಾದದ್ದು, ಬ್ರಾಫ್ ಅಂತ ಕರೆಯುತ್ತಾರೆ. 20 ಪ್ರಶ್ನೆ, ಒಟ್ಟು 70 ಅಂಕ. ಜಾಸ್ತಿ ಬಂದರೆ ಜಾಸ್ತಿ ತೊಂದರೆ. ಮೈಯ ಸುಸ್ತು, ದಿನನಿತ್ಯದ ಬದುಕಿನ ಮೇಲೆ ಅದರ ಹೊಡೆತ, ತಲೆಯ ಮಂಕು, ಮನಸ್ಸಿನ ಬೇಸರ ಅಂತ ನಾಲ್ಕು ಭಾಗ. ಅಂಕಗಳನ್ನು ಬಿಡಿಬಿಡಿಯಾಗಿ ನೋಡಿದಾಗ ನನ್ನ ಮೈಯ ಸುಸ್ತಿಗಿಂತ ತಲೆಯ ಮಂಕೇ ಕೆಟ್ಟದಾಗಿತ್ತು. ನಾನು ಹಾಗೆ ಅಂದುಕೊಂಡೇ ಇರಲಿಲ್ಲ.

ಈಗ ಡೈರಿ. ಕಟ್ಟಿದ ದುಡ್ಡಿನಲ್ಲಿ ಮುಕ್ಕಾಲು ಭಾಗ ಇದಕ್ಕೇ ಅಂತ ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಒಂದು ಕಾಗದದ ಹಾಳೆ. ಅಡ್ಡಕ್ಕೆ ಏಳು ದಿನ, ಉದ್ದಕ್ಕೆ 24 ಗಂಟೆ. ಪ್ರತಿ ಚೌಕಕ್ಕೂ ಒಂದು ಬಣ್ಣ ಹಚ್ಚಬೇಕು. ಜಾಸ್ತಿ ಶಕ್ತಿ ಬೇಡುವ ಕೆಲಸಕ್ಕೆ ಕೆಂಪು, ಕಮ್ಮಿ ಬೇಡುವುದಕ್ಕೆ ಒಂದು ಬಣ್ಣ, ವಿಶ್ರಾಂತಿಗೆ ಒಂದು, ನಿದ್ದೆಗೆ ಒಂದು, ಪೂರ್ತಿ ನೆಲ ಕಚ್ಚಿದ ಗಂಟೆಗೆ ಕಪ್ಪು. ಏನು ಮಾಡಿದಿರಿ ಅಂತ ಬರೆಯಬೇಕಾಗಿಲ್ಲ, ಬಣ್ಣ ಸಾಕು. ಇದೇ ಇದರ ಜಾಣತನ. ಸುಸ್ತಾದವರಿಗೆ ಬರೆಯಿರಿ ಅಂದರೆ ಬರೆಯುವುದಿಲ್ಲ, ಮಕ್ಕಳ ಬಣ್ಣದ ಪೆನ್ಸಿಲ್ ತಗೊಂಡು ರಾತ್ರಿ ಮಲಗುವ ಮುಂಚೆ ನಾಲ್ಕು ಗೀಟು ಎಳೆಯಿರಿ ಅಂದರೆ ಎಳೆಯುತ್ತಾರೆ.

ಒಂದು ವಾರದ ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದು ತೋರಿಸಬೇಕಿತ್ತು. ಎಂಟು ಹಾಳೆಗಳೂ ಪರದೆ ಮೇಲೆ ಬಂದಾಗ ಯಾರೂ ವಿವರಿಸಬೇಕಾಗಲಿಲ್ಲ. ನನ್ನದರಲ್ಲಿ ಶನಿವಾರ ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ಕೆಂಪು ಪಟ್ಟಿ, ಮಧ್ಯೆ ಒಂದು ಚೌಕವೂ ಬೇರೆ ಬಣ್ಣ ಇಲ್ಲ. ಭಾನುವಾರ ಪರವಾಗಿಲ್ಲ. ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಪೂರ್ತಿ ಕಪ್ಪು. ಮೈ ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಎಳೆದು ಹಾಕಿಕೊಳ್ಳುವುದು, ಆಮೇಲೆ ಎರಡು ದಿನ ಬೀಳುವುದು, ಎದ್ದ ಕೂಡಲೇ ಮತ್ತೆ ಬಾಕಿ ತೀರಿಸಲು ಓಡುವುದು. ಥೆರಪಿಸ್ಟ್ ಇದಕ್ಕೆ ಏರಿಳಿತದ ಚಕ್ರ ಅಂದರು. ಪೆಟ್ಟು ಮಾರನೇ ದಿನವೇ ಬೀಳುವುದಿಲ್ಲ, ಒಂದು ದಿನ ಬಿಟ್ಟು ಬೀಳುತ್ತದೆ. ಅದಕ್ಕೇ ಎರಡನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಸಂಗತಿ. ಸಂಜೆಯ ಚೌಕಗಳಿಗೆ ನಾನು ವಿಶ್ರಾಂತಿಯ ಬಣ್ಣ ಹಚ್ಚಿದ್ದೆ.

‘ಈ ಹೊತ್ತಲ್ಲಿ ಏನು ಮಾಡ್ತಿದ್ರಿ?’ ಅಂತ ಥೆರಪಿಸ್ಟ್ ಕೇಳಿದರು.

‘ಮಲಗಿದ್ದೆ ಮೇಡಂ.’

‘ಮಲಗಿಕೊಂಡು?’

‘ಫೋನ್ ನೋಡ್ತಾ ಇದ್ದೆ. ಆಫೀಸಿನ ಗುಂಪಿನ ಮೆಸೇಜು, ಅಕ್ಕನ ಜೊತೆ ಮಾತು…’

‘ಮಾತು ಅಂದ್ರೆ ಹರಟೆನಾ, ಜಗಳನಾ?’

ಜಗಳವೇ. ಎಲ್ಲರೂ ನಕ್ಕರು. ಆ ಚೌಕಗಳ ಬಣ್ಣ ಅಲ್ಲೇ ಬದಲಾಯಿತು. ಮೈ ಮಲಗಿದ್ದ ಮಾತ್ರಕ್ಕೆ ತಲೆಗೆ ವಿಶ್ರಾಂತಿ ಸಿಕ್ಕಂತಲ್ಲ, ನನ್ನಂಥ ತಲೆ ಮಂಕಿನವರಿಗಂತೂ ಅದೇ ದೊಡ್ಡ ಸೋರಿಕೆ. ಆ ಹಾಳೆಯಲ್ಲಿ ನಿಜವಾದ ವಿಶ್ರಾಂತಿಯ ಚೌಕ ಹುಡುಕಿದರೆ ವಾರಕ್ಕೆ ಎರಡೋ ಮೂರೋ ಇದ್ದವು.

ಅಲ್ಲಿಂದ ಮುಂದಿನ ಕೆಲಸ ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಕೆಟ್ಟ ದಿನದಲ್ಲೂ ಬೀಳದೆ ಎಷ್ಟು ಹೊತ್ತು ಒಂದು ಕೆಲಸ ಮಾಡಬಲ್ಲಿರಿ ಅಂತ ನೋಡಿಕೊಂಡು, ಒಳ್ಳೆಯ ದಿನದಲ್ಲೂ ಅಷ್ಟೇ ಮಾಡಿ ನಿಲ್ಲಿಸಬೇಕು. ಸುಸ್ತಾದ ಮೇಲೆ ನಿಲ್ಲಿಸುವುದಲ್ಲ, ಆಗುವ ಮುಂಚೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಬಟ್ಟೆ ಮಡಿಸಿದ್ದೇನೆ. ಅರ್ಧ ರಾಶಿ ಮಡಿಸದೇ ಬಿಟ್ಟು ಏಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಬಹುದು. ಕೈ ಕಾಲಿಗಿಂತ ಮನಸ್ಸೇ ಜಾಸ್ತಿ ಹಟ ಮಾಡುತ್ತದೆ. ‘ಇನ್ನು ಸ್ವಲ್ಪ ಇದೆ, ಮುಗಿಸಿಬಿಡೋಣ’ ಅನ್ನುವ ಆ ಸ್ವರ ಇದೆಯಲ್ಲ, ಅದರ ಮೇಲೆಯೇ ಒಂದು ಪೂರ್ತಿ ತರಗತಿ ಇತ್ತು. ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಅಂತ ಹೆದರಿದ್ದೀರಿ, ಆ ಹೆದರಿಕೆ ಎಲ್ಲಿಂದ ಬಂತು, ಬೇರೆಯವರು ಅರ್ಧಕ್ಕೆ ಬಿಟ್ಟರೆ ನೀವು ಅವರನ್ನು ಸೋಮಾರಿ ಅಂತೀರಾ, ಹೀಗೆ ಕೇಳುತ್ತಾ ಹೋದರು. ಯೋಚನೆ, ನಡವಳಿಕೆಯ ಅಭ್ಯಾಸಗಳನ್ನು ಬದಲಾಯಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅನ್ನುವ ಮನೋಚಿಕಿತ್ಸೆಯ ಉಪಾಯಗಳಂತೆ ಇವು. ಆ ಹೆಸರು ಕೇಳಿದ ಕೂಡಲೇ ಒಬ್ಬರು ‘ಹಾಗಾದ್ರೆ ಇದೆಲ್ಲ ನಮ್ಮ ಭ್ರಮೆ ಅಂತೀರಾ’ ಅಂತ ಸಿಟ್ಟಾದರು. ನನಗೂ ಒಳಗೊಳಗೇ ಅದೇ ಅನುಮಾನ ಇತ್ತು. ಥೆರಪಿಸ್ಟ್ ಹೇಳಿದ್ದು ಇಷ್ಟು: ಸುಸ್ತು ನಿಜ, ಅದರ ಕಾರಣ ದೇಹದಲ್ಲಿದೆ, ಅದು ಬಂದಾಗ ನಾವು ಏನು ಮಾಡುತ್ತೇವೆ ಅನ್ನುವುದೊಂದೇ ಸದ್ಯಕ್ಕೆ ನಮ್ಮ ಕೈಲಿರುವುದು.

ಇದು ಬರೀ ಬಾಯಿಮಾತಲ್ಲ. ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ 333 ರುಮಟಾಯ್ಡ್ ರೋಗಿಗಳ ಮೇಲೆ ನಡೆದ ರಾಫ್ಟ್ ಅನ್ನುವ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಅಲ್ಲಿ ಇಂಥದೇ ಗುಂಪು ತರಗತಿಗಳನ್ನು ಮನಃಶಾಸ್ತ್ರಜ್ಞರಲ್ಲ, ತರಬೇತಿ ಪಡೆದ ನರ್ಸ್‌ಗಳು ಮತ್ತು ಆಕ್ಯುಪೇಷನಲ್ ಥೆರಪಿಸ್ಟ್‌ಗಳು ನಡೆಸಿದರು. ಇನ್ನೊಂದು ಗುಂಪಿಗೆ ಸುಸ್ತಿನ ಬಗ್ಗೆ ಒಂದು ಪುಸ್ತಿಕೆ ಕೊಟ್ಟರು. ತರಗತಿಗೆ ಹೋದವರಿಗೆ ಸುಸ್ತಿನ ಕಾಟ ಪುಸ್ತಿಕೆಯವರಿಗಿಂತ ಕಮ್ಮಿಯಾಯಿತು, ಎರಡು ವರ್ಷದವರೆಗೂ ಆ ಲಾಭ ಉಳಿಯಿತು. ಎಷ್ಟು ಕಮ್ಮಿ? ಹತ್ತರ ಅಳತೆಯಲ್ಲಿ 0.59. ಒಂದು ಅಂಕವೂ ಪೂರ್ತಿ ಇಲ್ಲ. ನಮ್ಮ ಕೋರ್ಸಿನ ಜಾಹೀರಾತಿನಲ್ಲಿ ‘ನಿಮ್ಮ ಶಕ್ತಿಯನ್ನು ಮರಳಿ ಪಡೆಯಿರಿ’ ಅಂತ ದೊಡ್ಡ ಅಕ್ಷರದಲ್ಲಿದೆ. ಈ ಸಂಖ್ಯೆಯನ್ನೂ ಅದರ ಪಕ್ಕದಲ್ಲಿ ಹಾಕಿದ್ದರೆ ಪ್ರಾಮಾಣಿಕವಾಗಿರುತ್ತಿತ್ತು. ನನ್ನ ಅನುಭವವೂ ಅದಕ್ಕೆ ಹತ್ತಿರವೇ. ಸುಸ್ತು ಹೋಗಿಲ್ಲ. ಕಪ್ಪು ಚೌಕಗಳು ಕಮ್ಮಿಯಾಗಿವೆ, ಅದರಲ್ಲೂ ಒಂದರ ಪಕ್ಕ ಒಂದು ಬರುವುದು ಕಮ್ಮಿಯಾಗಿದೆ. ನನಗೆ ಅಷ್ಟಕ್ಕೇ ದುಡ್ಡು ಗಿಟ್ಟಿತು ಅನ್ನಿಸುತ್ತದೆ, ಪವಾಡ ಬೇಕಿದ್ದವರಿಗೆ ಅನ್ನಿಸಲಿಕ್ಕಿಲ್ಲ.

ಆ್ಯಪ್ ವಿಷಯಕ್ಕೆ ಬರೋಣ. ಬೈಯಲು ಕಾಯ್ತಾ ಇದ್ದೆ.

ಕಾಗದದ ಹಾಳೆ ಅಷ್ಟು ಚೆನ್ನಾಗಿ ಕೆಲಸ ಮಾಡುವಾಗ ಅದನ್ನೇ ಮೊಬೈಲಿಗೆ ಹಾಕುತ್ತೇವೆ ಅಂತ ಹೊರಟವರು ಯಾರೋ ಗೊತ್ತಿಲ್ಲ, ಅವರಿಗೆ ಬೆರಳು ನೋವು ಇಲ್ಲ ಅನ್ನುವುದು ಮಾತ್ರ ಖಂಡಿತ. ಸುಸ್ತಿನ ಮಟ್ಟ ಹೇಳಲು ಒಂದು ಸಣ್ಣ ಗುಂಡಿಯನ್ನು ಸೊನ್ನೆಯಿಂದ ಹತ್ತರವರೆಗೆ ಎಳೆಯಬೇಕು. ನನ್ನ ಹೆಬ್ಬೆರಳು ಬೆಳಗ್ಗೆ ಹೊತ್ತು ಪೂರ್ತಿ ಬಾಗುವುದಿಲ್ಲ. ಏಳಕ್ಕೆ ಎಳೆದರೆ ಒಂಬತ್ತಕ್ಕೆ ಹೋಗುತ್ತದೆ, ವಾಪಸ್ ಎಳೆದರೆ ನಾಲ್ಕಕ್ಕೆ ಬೀಳುತ್ತದೆ. ನೇರವಾಗಿ ಸಂಖ್ಯೆ ಒತ್ತುವ ವ್ಯವಸ್ಥೆ ಇಲ್ಲ. ಒಂದು ದಿನ ತುಂಬದಿದ್ದರೆ ಮಾರನೇ ದಿನ ಹಿಂದೆ ಹೋಗಿ ತುಂಬಲು ಬಿಡುವುದಿಲ್ಲ. ಯಾವ ದಿನ ತುಂಬಲು ಆಗುವುದಿಲ್ಲ ಹೇಳಿ? ತೀರಾ ಕೆಟ್ಟ ದಿನ. ಅಂದರೆ ಕಪ್ಪು ದಿನಗಳೇ ದಾಖಲೆಯಿಂದ ಮಾಯ, ನಕ್ಷೆಯಲ್ಲಿ ನೋಡಿದರೆ ನಾನು ಆರೋಗ್ಯವಂತೆ. ಅದರ ಮೇಲೆ ರಾತ್ರಿ ಒಂದು ಸಂದೇಶ ಬೇರೆ, ‘ನಿಮ್ಮ ಸರಣಿ ಮುರಿಯಿತು, ನಾಳೆ ಮತ್ತೆ ಪ್ರಯತ್ನಿಸಿ’ ಅಂತ, ಜೊತೆಗೆ ಅಳುವ ಮುಖದ ಚಿತ್ರ. ನೆಲ ಕಚ್ಚಿ ಮಲಗಿದವರಿಗೆ ಇದನ್ನು ಕಳಿಸುತ್ತಾರೆ.

ಹೆಜ್ಜೆ ಲೆಕ್ಕವೂ ಇದೆ. ಮೊದಲೇ ಇಟ್ಟಿರುವ ಗುರಿ ದಿನಕ್ಕೆ 10,000, ಇಳಿಸಿದರೆ 5,000ಕ್ಕಿಂತ ಕೆಳಗೆ ಹೋಗುವುದಿಲ್ಲ. ಈ ಹತ್ತು ಸಾವಿರ ಅನ್ನುವುದು ಯಾವ ವೈದ್ಯರೂ ಅಳೆದು ಕೊಟ್ಟ ಸಂಖ್ಯೆಯಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಪೆಡೋಮೀಟರ್ ಮಾರಲು ಬಳಸಿದ್ದು, ಆಮೇಲೆ ಇಡೀ ಜಗತ್ತಿಗೆ ಅಂಟಿಕೊಂಡಿತು. ತಮಾಷೆ ಏನೆಂದರೆ ಹೆಜ್ಜೆ ಲೆಕ್ಕ ಇಡುವುದು ನಮ್ಮಂಥವರಿಗೆ ನಿಜವಾಗಿಯೂ ಒಳ್ಳೆಯದು. ಅಮೆರಿಕದಲ್ಲಿ 96 ರುಮಟಾಯ್ಡ್ ರೋಗಿಗಳ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಪೆಡೋಮೀಟರ್ ಮಾತ್ರ ಕೊಟ್ಟರು, ಕೆಲವರಿಗೆ ಅದರ ಜೊತೆ ಅವರವರಿಗೆ ತಕ್ಕ ಗುರಿಯನ್ನೂ ಕೊಟ್ಟರು. 21 ವಾರದ ಕೊನೆಗೆ ಎರಡೂ ಗುಂಪಿನವರು ಜಾಸ್ತಿ ನಡೆಯುತ್ತಿದ್ದರು, ಅವರ ಸುಸ್ತೂ ಇಳಿದಿತ್ತು. ಗುರಿ ಕೊಡದೆ ಸುಮ್ನೆ ಲೆಕ್ಕ ತೋರಿಸಿದರೂ ಜನ ತಾವಾಗಿಯೇ ನಡೆಯುತ್ತಾರೆ ಅಂತಾಯಿತು. ಈ ಆ್ಯಪ್ ಮಾಡಿದವರು ಹತ್ತು ಸಾವಿರದ ಕೆಂಪು ವೃತ್ತ ತೋರಿಸಿ ಹೆದರಿಸುವ ಬದಲು ಆ ವೃತ್ತವನ್ನು ತೆಗೆದುಹಾಕಿದ್ದರೂ ಸಾಕಿತ್ತು. ಈ ಬಗ್ಗೆ ಅವರಿಗೆ ಮೇಲ್ ಹಾಕಿದ್ದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು. ಎರಡು ತಿಂಗಳ ನಂತರದ ತರಗತಿಯ ಹೊತ್ತಿಗೂ ಅಳುವ ಮುಖ ಅಲ್ಲೇ ಇತ್ತು.

ವ್ಯಾಯಾಮದ ಭಾಗ ಫಿಸಿಯೋ ನಡೆಸಿದರು, ಅವರು ಬಹಳ ಚೆನ್ನಾಗಿ ಮಾಡಿದರು. ನಿಜ ಹೇಳಬೇಕೆಂದರೆ ಸುಸ್ತಿಗೆ ಗಟ್ಟಿ ಪುರಾವೆ ಇರುವ ಉಪಾಯಗಳಲ್ಲಿ ಇದೂ ಒಂದು, ಯಾರಿಗೂ ಕೇಳಲು ಇಷ್ಟವಿಲ್ಲದ್ದೂ ಇದೇ. ಏಳಲು ಆಗದವರಿಗೆ ನಡೆಯಿರಿ ಅಂದರೆ ಸಿಟ್ಟು ಬರದೆ ಇರುತ್ತದಾ? ಅವರು ನಡೆಯಿರಿ ಅಂತ ಶುರು ಮಾಡಲಿಲ್ಲ. ಈಗ ಎಷ್ಟು ನಡೆಯುತ್ತೀರಿ, ಅದನ್ನು ವಾರವಿಡೀ ಸಮನಾಗಿ ಹಂಚಿ ಅಂದರು. ಏರಿಸುವ ಮಾತು ಆಮೇಲೆ, ಅದೂ ಚೂರುಚೂರೇ. ವ್ಯಾಯಾಮ ಮಾಡಿ ಎರಡು ಗಂಟೆಯ ನಂತರ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಅವತ್ತು ಅತಿಯಾಯಿತು ಅಂತ ಲೆಕ್ಕ, ಮುಂದಿನ ಸಲ ಇಳಿಸಿ, ಬಿಡಬೇಡಿ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ಲ, ಅದನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ, ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಅಂದರು. ಗಂಟು ಸವೆದುಹೋಗುತ್ತದೆ ಅನ್ನುವ ಭಯ ಗುಂಪಿನಲ್ಲಿ ಬಹಳ ಜನಕ್ಕಿತ್ತು. ಹದವಾಗಿ ಮಾಡಿದರೆ ಸವೆಯುವುದಿಲ್ಲ, ಗಂಟಿನ ಸುತ್ತ ಇರುವ ಸ್ನಾಯು ಬಲವಾದರೆ ಅದಕ್ಕೆ ಆಸರೆಯೇ ಅಂತ ವಿವರಿಸಿದರು. ಕುರ್ಚಿಯಿಂದ ಕೈ ಊರದೆ ಏಳುವುದು ನನಗೆ ಕೊಟ್ಟ ಮೊದಲ ವ್ಯಾಯಾಮ. ಅಷ್ಟೇನಾ ಅಂದುಕೊಂಡೆ. ತೊಡೆ ನಡುಗಿದಾಗ ಗೊತ್ತಾಯಿತು.

ಇಲ್ಲಿ ಒಂದು ಎಚ್ಚರಿಕೆ, ಅವರೂ ಹೇಳಿದರು. ಎಂಇ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನುವ ಬೇರೆ ಕಾಯಿಲೆ ಇದೆ. ಅದರಲ್ಲಿ ಸ್ವಲ್ಪ ಶ್ರಮಕ್ಕೇ ಸ್ಥಿತಿ ಬಿಗಡಾಯಿಸುತ್ತದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಆ ಕಾಯಿಲೆಗೆ ಹಂತಹಂತವಾಗಿ ಏರಿಸುವ ವ್ಯಾಯಾಮ ಚಿಕಿತ್ಸೆ ಬೇಡ ಅಂತ ಹೇಳಿದೆ. ನಮ್ಮ ಸಲಹೆಯನ್ನು ಅವರಿಗೆ, ಅವರ ಸಲಹೆಯನ್ನು ನಮಗೆ ಅಂಟಿಸಬಾರದು. ಅಂತರ್ಜಾಲದಲ್ಲಿ ಎಲ್ಲವೂ ‘ಸುಸ್ತು’ ಅನ್ನುವ ಒಂದೇ ಹುಡುಕಾಟಕ್ಕೆ ಬಂದು ಬೀಳುವುದರಿಂದ ಇದು ದಿನಾ ಆಗುವ ಗೊಂದಲ.

ನಿದ್ದೆಯ ತರಗತಿ ಸಾಧಾರಣ. ದಿನಾ ಒಂದೇ ಹೊತ್ತಿಗೆ ಏಳಿ, ಹಗಲು ಮಲಗುವುದಾದರೆ ಮಧ್ಯಾಹ್ನ ಮೂರರೊಳಗೆ 20-30 ನಿಮಿಷ ಸಾಕು, ಸಂಜೆ ಮೇಲೆ ಕಾಫಿ ಬೇಡ, ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ ಹೊಸದು: ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಅದನ್ನು ಬೆಳಗ್ಗೆಯೇ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ಸಂಜೆ ತಗೊಂಡರೆ ಕೆಲವರಿಗೆ ನಿದ್ದೆ ಹಾರುತ್ತದೆ. ಮೆಥೋಟ್ರೆಕ್ಸೇಟ್ ಅನ್ನುವ ಸಂಧಿವಾತದ ಔಷಧಿಯನ್ನು ವಾರಕ್ಕೊಮ್ಮೆ ತಗೊಳ್ಳುವ ಕೆಲವರು ಮಾರನೇ ದಿನ ತೀರಾ ಕುಸಿಯುತ್ತಾರೆ. ಹಾಳೆಯಲ್ಲಿ ಅದೂ ಕಾಣುತ್ತದೆ. ಗುಂಪಿನ ಒಬ್ಬರು ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ, ಮಾತ್ರೆ ತಗೊಳ್ಳುವ ದಿನವನ್ನು ರಜೆಯ ಹಿಂದಿನ ದಿನಕ್ಕೆ ಬದಲಾಯಿಸಿಕೊಂಡರು.

ಮನೆಯವರನ್ನು ಕರೆದುಕೊಂಡು ಬರುವ ಒಂದು ತರಗತಿ ಇದೆ. ನನ್ನ ಗಂಡ ಬಂದು ಪಕ್ಕದಲ್ಲಿ ಕೂತರು, ಅರ್ಧ ಮನಸ್ಸಿನಿಂದಲೇ. ‘ನೋಡೋಕೆ ಚೆನ್ನಾಗೇ ಇರ್ತಾಳೆ, ಯಾವಾಗ ಸುಸ್ತು ಅಂತ ನಮಗೆ ಹೇಗೆ ಗೊತ್ತಾಗಬೇಕು’ ಅಂತ ಥೆರಪಿಸ್ಟ್ ಹತ್ತಿರವೇ ಕೇಳಿದರು. ನ್ಯಾಯವಾದ ಪ್ರಶ್ನೆ. ಥೆರಪಿಸ್ಟ್ ಕೊಟ್ಟ ಉಪಾಯ ಬಹಳ ಸರಳ. ವಿವರಣೆ ಬೇಡ, ದೂರು ಬೇಡ, ಸಂಜೆ ಒಂದು ಸಂಖ್ಯೆ ಹೇಳಿ, ಹತ್ತಕ್ಕೆ ಎಷ್ಟು ಅಂತ. ಈಗ ‘ಎಷ್ಟೇ ಇವತ್ತು?’ ಅಂತಾರೆ, ‘ಎಂಟು ರೀ’ ಅಂದರೆ ಪಾತ್ರೆ ಅವರೇ ತೊಳೆಯುತ್ತಾರೆ. ‘ಆರು’ ಅಂದರೆ ಸ್ವಲ್ಪ ಚೌಕಾಸಿ ನಡೆಯುತ್ತದೆ.

ಈಗ ನನ್ನ ದೊಡ್ಡ ದೂರು. ಸೇರುವಾಗ ತುಂಬಿಸುವ ಅರ್ಜಿಯಲ್ಲಿ ಕಾಯಿಲೆಯ ಹೆಸರು, ವಯಸ್ಸು, ಕೆಲಸ, ಹಣ ಪಾವತಿಯ ವಿವರ ಎಲ್ಲ ಇದೆ. ಈಚೆಗೆ ರಕ್ತಪರೀಕ್ಷೆ ಆಗಿದೆಯಾ ಅನ್ನುವ ಒಂದು ಪ್ರಶ್ನೆ ಇಲ್ಲ. ಯುರೋಪಿನ ಸಂಧಿವಾತ ಸಂಘಟನೆಗಳ ಒಕ್ಕೂಟ ಯೂಲಾರ್ 2023ರಲ್ಲಿ ಸುಸ್ತಿನ ನಿರ್ವಹಣೆಗೆಂದೇ ಶಿಫಾರಸುಗಳನ್ನು ಕೊಟ್ಟಿದೆ. ರೋಗಿಯ ಆರೈಕೆಯಲ್ಲಿ ಸುಸ್ತನ್ನು ಆಗಾಗ ಕೇಳಿ ಅಳೆಯಬೇಕು, ತಕ್ಕಂಥ ದೈಹಿಕ ಚಟುವಟಿಕೆ ಮತ್ತು ಕ್ರಮಬದ್ಧವಾದ ಇಂಥ ತರಬೇತಿ ಸಿಗಬೇಕು ಅನ್ನುವುದರ ಜೊತೆಗೆ, ಉರಿಯೂತದ ಚಿಕಿತ್ಸೆ ಬದಲಾಯಿಸಬೇಕಾ ಅಂತಲೂ ನೋಡಬೇಕು ಅಂತ ಅದರಲ್ಲಿದೆ. ಕೋರ್ಸಿನವರು ಮೊದಲ ಭಾಗವನ್ನು ಜಾಹೀರಾತಿಗೆ ಬಳಸುತ್ತಾರೆ, ಕೊನೆಯದನ್ನು ಮರೆಯುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಮೂರನೇ ವಾರದವರೆಗೂ ಡೈರಿ ತುಂಬಿ, ನಿಯಮ ಪಾಲಿಸಿ, ಏನೂ ಪ್ರಯೋಜನ ಕಾಣದೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಅಂದಾಗ ಫಿಸಿಯೋ ಅನುಮಾನಪಟ್ಟು ಡಾಕ್ಟರ ಹತ್ತಿರ ಹೋಗಲು ಹೇಳಿದರು. ಹಿಮೋಗ್ಲೋಬಿನ್ ಬಹಳ ಇಳಿದಿತ್ತು. ಫಿಸಿಯೋ ಚುರುಕಾಗಿದ್ದರಿಂದ ಸರಿಹೋಯಿತು, ಇಲ್ಲದಿದ್ದರೆ? ರಕ್ತಹೀನತೆಯನ್ನು ಬಣ್ಣದ ಪೆನ್ಸಿಲ್ ಹಿಡಿದು ಗುಣ ಮಾಡೋಕಾಗುತ್ತದಾ? ಇಂಥ ಕೋರ್ಸ್ ಯಾವುದಕ್ಕೇ ಸೇರುವ ಮುಂಚೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಒಂದು ಸಲ ನೋಡಿಸಿಕೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಜೋರಾಗಿ ಗೊರಕೆ ಹೊಡೆಯುತ್ತೀರಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಅಂತ ಮನೆಯವರು ಹೇಳಿದ್ದರೆ ಅದನ್ನೂ ಹೇಳಿ. ಸುಸ್ತು ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕೋರ್ಸ್ ಆಮೇಲೆ, ಆಸ್ಪತ್ರೆ ಮೊದಲು. ಏನು ಮಾಡಿದರೂ ಮನಸ್ಸಿಗೆ ಏನೂ ಬೇಡ ಅನ್ನಿಸುವಂತಿದ್ದರೆ ಖಿನ್ನತೆಗೆ ಬೇರೆಯಾಗಿಯೇ ಚಿಕಿತ್ಸೆ ಬೇಕು, ಈ ತರಗತಿಗಳಷ್ಟೇ ಸಾಲುವುದಿಲ್ಲ.

ಗುಂಪಿನಲ್ಲಿ ಮಾತಾಡಲು ಮುಜುಗರ ಆಗುವವರಿಗೆ ಫೋನಿನಲ್ಲಿ ಒಬ್ಬೊಬ್ಬರಿಗೇ ಕೊಡುವ ರೂಪವೂ ಕೆಲವು ಕಡೆ ಇದೆ. ಬ್ರಿಟನ್ನಿನ ಲಿಫ್ಟ್ ಅನ್ನುವ ಪರೀಕ್ಷೆಯಲ್ಲಿ, ಇದರ ಫಲಿತಾಂಶ 2022ರಲ್ಲಿ ಬಂತು, ಬೇರೆ ಬೇರೆ ಉರಿಯೂತದ ಸಂಧಿವಾತ ಇರುವ 367 ಜನರಿಗೆ ಫೋನಿನಲ್ಲೇ ಸಲಹೆಯನ್ನೋ ವ್ಯಾಯಾಮದ ಮಾರ್ಗದರ್ಶನವನ್ನೋ ಕೊಟ್ಟು ನೋಡಿದರು. ಮಾಮೂಲಿ ಆರೈಕೆಗಿಂತ ಎರಡೂ ಚೆನ್ನಾಗಿ ಕೆಲಸ ಮಾಡಿದವು, ಒಂದು ವರ್ಷ ದಾಟಿದ ಮೇಲೂ. ಹಾಗಾಗಿ ಗುಂಪೇ ಬೇಕು ಅಂತೇನಿಲ್ಲ. ನನಗೆ ಗುಂಪು ಬೇಕಿತ್ತು. ಹಾಳೆ ತೋರಿಸುವಾಗ ಎಂಟು ಜನರ ಕಪ್ಪು ಚೌಕಗಳನ್ನು ಒಟ್ಟಿಗೆ ನೋಡುವುದು ಫೋನಿನಲ್ಲಿ ಸಿಗುವುದಿಲ್ಲ.

ಸೇರುವ ಮನಸ್ಸಿದ್ದರೆ ಮೊದಲು ಇಷ್ಟು ಕೇಳಿಕೊಳ್ಳಿ: ನಡೆಸುವವರು ಸಂಧಿವಾತದ ರೋಗಿಗಳ ಜೊತೆ ಕೆಲಸ ಮಾಡಿದವರಾ, ತರಗತಿ ಯಾವ ಹೊತ್ತಿಗೆ, ತಪ್ಪಿದರೆ ಏನು, ಕೆಲವು ತಿಂಗಳು ಬಿಟ್ಟು ಮತ್ತೆ ಒಂದು ತರಗತಿ ಇದೆಯಾ. ಕೊನೆಯದು ಬಹಳ ಮುಖ್ಯ, ಯಾಕೆಂದರೆ ಆರು ವಾರ ಮುಗಿದ ಮೇಲೆ ಹಳೇ ಚಾಳಿ ಸದ್ದಿಲ್ಲದೆ ವಾಪಸ್ ಬರುತ್ತದೆ, ನನ್ನ ಶನಿವಾರಗಳು ಒಂದು ಹಂತದಲ್ಲಿ ಮತ್ತೆ ಕೆಂಪಾಗತೊಡಗಿದ್ದವು. ಇನ್ನು ಆ್ಯಪ್ ಕಡ್ಡಾಯ ಅಲ್ಲ ಅಂತ ನೋಂದಣಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಕೇಳಿದರೆ ಡೈರಿಯ ಹಾಳೆಯನ್ನು ಪಿಡಿಎಫ್ ಮಾಡಿ ಕಳಿಸುತ್ತಾರೆ, ದೊಡ್ಡ ಚೌಕಗಳದ್ದೂ ಇದೆ. ಬೆರಳು ನೋವಿರುವವರು ಅದನ್ನೇ ಕೇಳಿ.